ಜೋಡಿಗೊಳದ ಮಾಸ್ತರರು

ಮಾಸ್ತರರ ಬಲಗೈಯಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಒಂದು ನರ ಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಮುಟ್ಟಿದರೆ ಒಳಗೆ ಜೇನುಹುಳು ಗುಂಯ್‌ಗುಟ್ಟಿದಂತೆ ಕಂಪಿಸುತ್ತಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈ ಹಾಗೇ. ನನ್ನ ಎಡಗೈಯೂ ಹಾಗೇ ಇತ್ತು. ಅವರ ಎಡಗೈಯ ನರ ಕೆಟ್ಟುಹೋಗಿ, ಚಿತ್ರ ಬರೆಯುವ ಬಲಗೈಯನ್ನೇ ಸೂಜಿಗೆ ಒಪ್ಪಿಸಬೇಕಾಗಿ ಬಂದಿತ್ತು.

ಅವರು ಲಿಂಗಸೂಗೂರಿನವರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ನನ್ನದು ಮಸ್ಕಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಒಂದೇ ಬಸ್ಸಿನಲ್ಲಿ ಸಿಂಧನೂರಿನ ಆಸ್ಪತ್ರೆಗೆ ಹೋಗಿ ಅಕ್ಕಪಕ್ಕದ ಮಂಚಗಳಲ್ಲಿ ಮಲಗುತ್ತಿದ್ದೆವು. ಯಂತ್ರ ಶುರುವಾದರೆ ಸೂಜಿ ಚುಚ್ಚಿದ ಕೈ ಅಲುಗಾಡಿಸುವಂತಿಲ್ಲ. ಕಿಟಕಿಯ ನೀಲಿ ಪರದೆಯಿಂದ ಸೋಸಿ ಬರುವ ಬೆಳಕು, ಯಂತ್ರದ ಗುನುಗು. ಎಚ್ಚರವೋ ನಿದ್ದೆಯೋ ತಿಳಿಯದ ಹೊತ್ತು ಅದು.

ಬೇಸರ ಕಳೆಯಲೆಂದು ಅವರ ಮಗಳು ಒಂದು ಟ್ಯಾಬ್ ಕೊಟ್ಟು, ಅದರಲ್ಲೊಂದು ಆಟ ಹಾಕಿಕೊಟ್ಟಿದ್ದಳು. ಮಂತ್ರದ ಕಾಡು, ಪಾಳು ಅರಮನೆ, ಮಾತಾಡುವ ಹಕ್ಕಿಗಳಿದ್ದ ಲೋಕದಲ್ಲಿ ಒಬ್ಬ ದಾರಿಹೋಕನನ್ನು ನಡೆಸಿಕೊಂಡು ಹೋಗುವ ಆಟ. ಆಡಲು ಎರಡು ಕೈ ಬೇಕು: ಒಂದು ಅವನನ್ನು ನಡೆಸಲು, ಇನ್ನೊಂದು ಎತ್ತಲು, ಇಡಲು, ಜಿಗಿಸಲು. ಒಂದು ದಿನ ಮಾಸ್ತರರು ನನ್ನ ಕಡೆ ಮುಖ ಹೊರಳಿಸಿದರು.

"ನಿಮ್ಮ ಬಲಗೈ ಖಾಲಿ ಐತೇನ್ರಿ?"

"ಐತ್ರಿ ಸರ್."

"ನಂದು ಎಡಗೈ ಖಾಲಿ ಐತಿ. ನಡಸೋದು ನೀವು ನೋಡ್ಕೋರಿ, ಉಳಿದದ್ದು ನಾ ನೋಡ್ಕೋತೀನಿ."

ಮಂಚಗಳ ನಡುವೆ ಸ್ಟೂಲು ಎಳೆಸಿ, ದಿಂಬಿಗೆ ಆನಿಸಿ ಟ್ಯಾಬ್ ನಿಲ್ಲಿಸಿದೆವು. ಇಬ್ಬರೂ ಸೇರಿ ಒಬ್ಬನಾಗಿ ಆ ಕಾಡು ಹೊಕ್ಕೆವು. ನಾನು ಓಡಿಸುತ್ತಿದ್ದೆ. ಅವರು, "ಆಹಿಸ್ತಾ, ಆಹಿಸ್ತಾ. ಓಡಿದ್ರ ಏನ್ ಕಾಣ್ತೈತ್ರಿ?" ಎನ್ನುತ್ತಿದ್ದರು.

ನಿಧಾನ ನಡೆದದ್ದರಿಂದಲೇ ಮೊದಲ ಕೊಳ ಸಿಕ್ಕಿತು. ಒಂದೇ ಥರ ಬಾಗಿದ ಎರಡು ಮರ, ಎರಡು ಬಂಡೆ, ಎರಡು ಕೊಕ್ಕರೆ. "ನಿಲ್ರಿ," ಎಂದರು ಮಾಸ್ತರರು. "ತಾನಾಗೇ ಬೆಳದ ಕಾಡು ಹಿಂಗ ಇರಂಗಿಲ್ಲ. ಇದನ್ನ ಯಾರೋ ಬೇಕಂತ ಬರದಾರ." ಪೊದೆ ಸರಿಸಿದರೆ ಬೋಗುಣಿಯಷ್ಟು ಕೊಳ. ಅವರು ದಾರಿಹೋಕನ ಕೈಯ ಲಾಟೀನನ್ನು ನೀರಿಗಿಳಿಸಿದರು. ಎರಡು ಲಾಟೀನು ತೇಲಿ ಬಂದವು. ಇನ್ನೊಂದು ವಸ್ತು ಇಡಬೇಕೆನ್ನುವಷ್ಟರಲ್ಲಿ ನೀರು ಇಂಗಿ ಮರಳು ಕಂಡಿತು. ಒಂದು ಕೊಳ ಒಂದೇ ಸಲ. ಅವಕ್ಕೆ ಜೋಡಿಗೊಳ ಎಂದು ಹೆಸರಿಟ್ಟವರು ಮಾಸ್ತರರೇ. ಅಷ್ಟು ದೊಡ್ಡ ಲೋಕದಲ್ಲಿ ಅಂಥವು ಇದ್ದದ್ದು ಕೆಲವೇ.

ನಾನು ವ್ಯಾಪಾರಸ್ಥ. ಆಟದಲ್ಲಿ ಸಿಕ್ಕಿದ್ದ ಬೆಂಕಿಯ ಕತ್ತಿಯನ್ನು ಎರಡು ಮಾಡೋಣ ಎನ್ನುತ್ತಿದ್ದೆ. ಅವರ ಯೋಚನೆಯೇ ಬೇರೆ. ಆಟದ ದಾರಿಯಲ್ಲಿ ಯಾರಾದರೂ ಎದುರಾಗಿ ಏನಾದರೂ ಬೇಡುತ್ತಿದ್ದರು. ಗವಿಯ ಮುದುಕಿಗೆ ಲಾಟೀನು, ಹೊಳೆ ದಾಟಿಸುವವನಿಗೆ ಕಂಬಳಿ. ಕೊಡದೆಯೂ ಮುಂದೆ ಹೋಗಬಹುದಿತ್ತು. ಮಾಸ್ತರರಿಗೆ ಅದು ಆಗದು. ಕೊಟ್ಟರೆ ನಮ್ಮ ದಾರಿ ಕತ್ತಲು. "ಕೊಡಾಕೂ ಬೇಕು, ನಮಗೂ ಇರಬೇಕು. ಅದಕ್ಕ ಈ ಕೊಳ ಮಾಡ್ಯಾರ," ಎಂದು ಮುಂದಿನ ಕೊಳ ಹುಡುಕಿಸುತ್ತಿದ್ದರು.

ವಾಪಸ್ಸು ಬರುವ ಬಸ್ಸಿನಲ್ಲೂ ಆ ಲೋಕ ಬಿಡುತ್ತಿರಲಿಲ್ಲ. ಕಾಲುವೆ ನೀರು ನಿಂತ ಗದ್ದೆಗಳಲ್ಲಿ ಆಕಾಶ ತಲೆಕೆಳಗಾಗಿ ಮಲಗಿರುತ್ತಿತ್ತು. ನನ್ನ ಹೆಗಲಿಗೆ ತಲೆಯಿಟ್ಟು ತೂಕಡಿಸುತ್ತಿದ್ದ ಮಾಸ್ತರರು ಅರೆಗಣ್ಣು ತೆರೆದು, "ಅಲ್ಲಿ ನೋಡ್ರಿ, ಎರಡು ಜಾಲಿಗಿಡ," ಎನ್ನುತ್ತಿದ್ದರು. ನಾನು ನಿಜವಾಗಿಯೂ ನೋಡುತ್ತಿದ್ದೆ.

ಒಮ್ಮೆ ಬಹಳ ಹುಡುಕಿ ಸಿಕ್ಕ ಕೊಳದ ದಂಡೆಯಲ್ಲಿ ನಿಂತಿದ್ದಾಗ ಅವರ ಬೆರಳು ಪರದೆಯ ಮೇಲೆ ಜಾರಿತು. ನೋಡಿದರೆ ಕಣ್ಣು ಮೇಲಾಗಿದ್ದವು. ಬಿ.ಪಿ. ಇಳಿದಿತ್ತು. ನಾನು ಕೂಗಿದೆ. ಸಿಸ್ಟರ್ ಓಡಿ ಬಂದು ಮಂಚದ ಕಾಲ್ದೆಸೆ ಎತ್ತರಿಸಿದರು, ಸಲೈನ್ ಬಿಟ್ಟರು. ಬಹಳ ಹೊತ್ತಿನ ಮೇಲೆ ಮಾಸ್ತರರ ತುಟಿ ಅಲುಗಿದವು.

"ಕೊಳದಾಗ ಏನ್ ಬಿತ್ತು?"

"ಬುತ್ತಿಯೊಳಗಿನ ರೊಟ್ಟಿ ಬಿತ್ರಿ."

"ಹಂಗಾರ ಎರಡಾದವು. ಒಂದು ನಿಮಗ," ಎಂದು ಕಣ್ಣು ಮುಚ್ಚಿ ನಕ್ಕರು.

ಅದೇ ದಿನಗಳಲ್ಲಿ ಮುದಗಲ್‌ನಲ್ಲಿರುವ ನನ್ನ ಅಕ್ಕ ತನ್ನ ಕಿಡ್ನಿ ಕೊಡುತ್ತೇನೆಂದು ನಿಂತಳು. ತಪಾಸಣೆಗಳೆಲ್ಲ ಹೊಂದಿದವು. ನಾನು ಒಲ್ಲೆನೆಂದೆ. ಆಸ್ಪತ್ರೆಗೇ ಬಂದು ಮಂಚದ ಪಕ್ಕ ನಿಂತು ಕೇಳಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವಳು ಕಣ್ಣೊರೆಸಿಕೊಂಡು ಹೋದಳು. ಮಾಸ್ತರರು ಟ್ಯಾಬ್ ಆರಿಸಿದರು.

"ಯಾಕ ಬ್ಯಾಡಂದ್ರಿ?"

"ಕೊಟ್ಟ ಮ್ಯಾಲ ಆಕೀಗೆ ಏನಾರ ಆದ್ರ?"

"ಡಾಕ್ಟರು ಕೊಡಬಹುದು ಅಂದಾರಲ್ಲ. ಇಷ್ಟ್ ದಿನ ನಾವು ಯಾತಕ್ಕ ಕೊಳ ಹುಡುಕಿದ್ವಿ? ಕೊಟ್ಟ ಮ್ಯಾಲೂ ಒಂದು ನಮ್ಮಂತೇಲಿ ಇರ್ಲಿ ಅಂತ. ನಿಮ್ಮಕ್ಕಗ ಹುಡುಕೋದು ಬೇಕಾಗಿಲ್ಲ. ಹುಟ್ಟೂವಾಗ ಆ ಅಲ್ಲಾನೇ ಎರಡು ಕೊಟ್ಟು ಕಳಿಸ್ಯಾನ. ನಿಮಗ ಅಂಜಿಕಿ ಅಲ್ರಿ, ಕೈ ಚಾಚಾಕ ನಾಚಿಕಿ."

ಆಮೇಲೆ ಅವರು ಸೂರು ನೋಡುತ್ತ, "ನನ್ನ ಮಗಳೂ ಕೊಡ್ತೀನಂದ್ಲು. ಟೆಸ್ಟಿನಾಗ ಕೂಡಲಿಲ್ಲ. ಕೂಡಿದ್ರ ನಾ ತಗೋತಿದ್ದೆ," ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಆ ಸಂಜೆ ಬಸ್ಸಿನಿಂದ ಇಳಿದವನೇ ಅಕ್ಕನಿಗೆ ಫೋನ್ ಮಾಡಿದೆ.

ಆಪರೇಷನ್ನಿಗೆಂದು ಹೈದರಾಬಾದಿಗೆ ಹೊರಡುವ ಮುಂಚಿನ ಕೊನೆಯ ದಿನ ಆಟವನ್ನು ಹೊಳೆಯ ದಂಡೆಯಲ್ಲಿ ನಿಲ್ಲಿಸಿದೆವು. "ನಡಸವ್ರು ಹೊಂಟ್ರಿ. ಅಂವ ಇಲ್ಲೇ ಕುಂತಿರ್ಲಿ, ನೆಳ್ಳು ಚೊಲೊ ಐತಿ," ಎಂದರು ಮಾಸ್ತರರು.

ಆಪರೇಷನ್ ಆಯಿತು. ಅಕ್ಕ ನನಗಿಂತ ಮೊದಲು ಎದ್ದು ಓಡಾಡಿದಳು. ಪ್ರಯಾಣ ಮಾಡಬಹುದೆಂದು ಡಾಕ್ಟರು ಹೇಳಿದ ಮೇಲೆ ನಾನು ಮೊದಲು ಹೋದದ್ದು ಲಿಂಗಸೂಗೂರಿಗೆ. ಬಾಗಿಲು ತೆರೆದ ಮಾಸ್ತರರ ಹೆಂಡತಿ ನನ್ನನ್ನು ಕೂರಿಸಿ, ಮೆಲ್ಲಗೆ ಹೇಳಿದರು: "ಹೋದ್ರು. ಮಧ್ಯಾಹ್ನ ಮಲಗಿದವ್ರು ಏಳಲಿಲ್ಲ. ಏನಾರ ಆದ್ರ ನಿಮಗ ಹೇಳಬ್ಯಾಡ ಅಂದಿದ್ರು. ಮದಲ ನಿಮಗ ಆರಾಮ ಆಗ್ಲಿ ಅಂದಿದ್ರು."

ನಾನು ನೀರು ಕೇಳಿದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಾಯಾರಿದಷ್ಟು ಕುಡಿಯುವಂತಿಲ್ಲ. ಆ ಮನೆಯಲ್ಲಿ ವರ್ಷಗಟ್ಟಲೆ ನೀರನ್ನು ಅಳೆದೇ ಕೊಟ್ಟಿದ್ದರು. ರೂಢಿಯಂತೆ ಚಹಾದ ಸಣ್ಣ ಲೋಟದಲ್ಲಿ ಅರ್ಧ ತಂದರು. ಕುಡಿದು ಕೆಳಗಿಟ್ಟೆ. ಅವರು ಲೋಟವನ್ನೂ ನನ್ನನ್ನೂ ನೋಡಿದರು.

"ಈಗ ನೀವು ಎಷ್ಟ್ ಬೇಕಾದ್ರೂ ಕುಡೀಬಹುದಲ್ಲ?"

"ಹೂಂರಿ, ಅಮ್ಮ."

ಒಳಗೆ ಹೋಗಿ ಚೊಂಬಿನ ತುಂಬ ತಂದರು. "ಕಾಯಿಸಿ ಆರಿಸಿದ್ದೇ ಐತಿ." ನಾನು ಎತ್ತಿ ಕುಡಿದೆ. ಗದ್ದದಿಂದ ಅಂಗಿಯ ಮೇಲೆ ನೀರಿಳಿಯಿತು. ಅವರು ಬಾಗಿಲಿಗೆ ಒರಗಿ, ಚೊಂಬು ಬರಿದಾಗುವವರೆಗೂ ನೋಡುತ್ತ ನಿಂತಿದ್ದರು.