ಟಗರು ಹಿಂದಿರುಗಿಸಿದ ಸೆಲೀನಾ

ಬೆಟ್ಟದೂರು ಇಟೆನ್‌ನ ಕೆಮ್ಮಣ್ಣಿನ ರಸ್ತೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಓಟಗಾರರ ಗುಂಪೊಂದು ಏದುಸಿರು ಬಿಡುತ್ತ ದಾಟಿಹೋಗುತ್ತದೆ. ಕಂಬಳಿ ಹೊದ್ದು ನಿಂತ ಸೆಲೀನಾ ಜೆಬಿವೊಟ್ ಮುಂದಿರುವವರನ್ನು ನೋಡುವುದಿಲ್ಲ. ಹರಿದ ಶೂನಲ್ಲೇ ಗುಂಪನ್ನು ಬಿಡದೆ ಕೊನೆಯಲ್ಲಿ ಬರುತ್ತಿರುವ ಚೆರೋಪ್ ಎಂಬ ಹುಡುಗಿಯನ್ನು ನೋಡುತ್ತಾರೆ.

“ಏನೇ, ನೆಲದಲ್ಲಿ ಏನು ಹುಡುಕ್ತಿದ್ದೀಯ? ತಲೆ ಎತ್ತಿ ಓಡು.”

“ಉಸಿರಿದ್ರೆ ತಾನೇ ಚಿಕ್ಕಮ್ಮ.”

“ಮಾತಾಡೋಕೆ ಇದೆಯಲ್ಲ. ಓಡು.”

ಸೆಲೀನಾರ ಹೊಟ್ಟೆಪಾಡು ಚಹಾ ಅಂಗಡಿ. ಉಳಿದ ಹೊತ್ತಿನಲ್ಲಿ ಅಮೆರಿಕದ ಕಾಲೇಜುಗಳ ದೂರದ ಓಟದ ತಂಡಗಳಿಗೆ ಹುಡುಗಿಯರನ್ನು ಆರಿಸಿಕೊಡುತ್ತಾರೆ. ಆಯ್ಕೆಯಾದವರ ಓದು, ಊಟ, ವಸತಿ ಕಾಲೇಜಿನದು. ಓಡಿದವರ ಹೆಸರು ಪತ್ರಿಕೆಗಳಲ್ಲಿ ಬಂದಿದೆ, ಇವರದು ಬಂದಿಲ್ಲ. ಕೋಚ್‌ಗಳು ಒಮ್ಮೊಮ್ಮೆ ಹಳೆಯ ಶೂಗಳ ಮೂಟೆ ಕಳಿಸುತ್ತಾರೆ, ಅಷ್ಟೇ.

ಮೂವತ್ತೈದು ವರ್ಷಗಳ ಹಿಂದೆ ಇವರಿಗೂ ಕರೆ ಬಂದಿತ್ತು. “ಆಗ ಕೋಚೇ ಬರ್ತಿದ್ರು. ನಮ್ಮನೇಲಿ ಸೋರೆಬುರುಡೆಯ ಹುಳಿಹಾಲು ಕುಡಿದು, ಹಿತ್ತಲಿಗೆ ಹೋಗಿ ಕಕ್ಕಿ, ಮತ್ತೆ ಬಂದು ಕೂತ್ರು. ಅಪ್ಪನಿಗೆ ಅದು ಇಷ್ಟ ಆಯ್ತು. ಆದ್ರೂ ಕಳಿಸಲಿಲ್ಲ. ನನ್ನ ಮದುವೆಗೆ ಗಂಡಿನ ಕಡೆಯವರು ಕೊಡೋ ಹಸುಗಳ ಮಾತು ಆಗಿಹೋಗಿತ್ತು.” ಕಂಬಳಿ ಸರಿಮಾಡಿಕೊಳ್ಳುತ್ತಾರೆ. “ಈ ರಸ್ತೆಲಿ ಆಗ ನಾವು ನಾಲ್ಕೇ ಹುಡುಗಿಯರು. ಹಾಡ್ಕೊಂಡು ಓಡ್ತಿದ್ವಿ. ಈಗ ಎಲ್ಲರ ಕೈಲೂ ಗಡಿಯಾರ. ಯಾರೂ ಹಾಡಲ್ಲ.”

ಚೆರೋಪ್‌ಗೆ ಒಂದು ಕಾಲೇಜು ಜಾಗ ಕೊಟ್ಟಿದೆ. ಆದರೆ ಕಳೆದ ಕ್ರಿಸ್‌ಮಸ್‌ಗೆ ಊರಿನ ಓಟ ಗೆದ್ದು ಅವಳು ಟಗರೊಂದನ್ನು ಪಡೆದಿದ್ದಳು. ಓಡಿ ಬಹುಮಾನ ಪಡೆದವರು ವೃತ್ತಿಪರರೆಂದು ಆ ತಂಡ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಯಾರೂ ಹೇಳದಿದ್ದರೆ ಅಲ್ಲಿಗೆ ತಿಳಿಯುತ್ತಲೂ ಇರಲಿಲ್ಲ. ಸೆಲೀನಾ ತಾವೇ ಕೋಚ್‌ಗೆ ಹೇಳಿಬಿಟ್ಟರು.

“ಊರೆಲ್ಲ ಬೈತು. ಮುಚ್ಚಿಟ್ಟು ನಾಳೆ ಗೊತ್ತಾದ್ರೆ, ಮುಂದೆ ಇಲ್ಲಿನ ಯಾವ ಹುಡುಗಿ ಬಗ್ಗೆ ಹೇಳಿದ್ರೂ ನಂಬಲ್ಲ ಅವರು.”

ಬಹುಮಾನ ಹಿಂದಿರುಗಿಸಿ, ಇಲ್ಲವೇ ಜಾಗ ಬೇರೆಯವರಿಗೆ ಎಂದು ಕೋಚ್ ಉತ್ತರಿಸಿದರು. ಆ ಟಗರೋ, ಅವಳು ಗೆದ್ದ ದಿನವೇ ಸಾರಾಗಿತ್ತು. “ಎರಡು ಸಲ ಬಡಿಸ್ಕೊಂಡವಳು ನಾನೇ,” ಎನ್ನುತ್ತಾರೆ ಸೆಲೀನಾ.

ಬಿಸಿಲೇರಿದ ಮೇಲೆ ಅದರ ಬದಲಿಗೆ ತಮ್ಮದೇ ಟಗರನ್ನು ಎಳೆದುಕೊಂಡು, ಓಟ ನಡೆಸುವ ಹಿರಿಯ ಅರಾಪ್ ತಾಲಮ್ ಅವರ ಅಂಗಳಕ್ಕೆ ಹೋಗುತ್ತಾರೆ. ಮುದುಕ ಹಗ್ಗ ಮುಟ್ಟುವುದಿಲ್ಲ. ಕೊಟ್ಟ ಪ್ರಾಣಿಯನ್ನು ಇಲ್ಲಿ ವಾಪಸು ಪಡೆಯುವವರು ಮದುವೆ ಮುರಿದುಕೊಂಡ ಬೀಗರು ಮಾತ್ರ.

“ನನ್ನ ಟಗರಿಗೆ ರೋಗ ಇತ್ತಾ?”

“ಇಲ್ಲಜ್ಜ, ರುಚಿಯಾಗಿತ್ತು.”

“ಮತ್ತೆ? ಆ ಮಗೂಗೂ ನಂಗೂ ಏನು ಜಗಳ?”

“ಏನೂ ಇಲ್ಲ. ಜಗಳ ಇರೋರ ಥರ ಒಂದ್ಸಲ ತಗೊಳ್ಳಿ. ಅವಳು ಹೋಗ್ಲಿ.”

ಮುದುಕ ಬೇಲಿಯ ಕಡೆ ನೋಡುತ್ತಾರೆ. “ಗೇಟು ಹಾಕು. ಯಾರೂ ನೋಡಬಾರದು.”

“ಕೋಚ್‌ಗೆ ವಿಡಿಯೊ ಬೇಕಂತೆ ಅಜ್ಜ.”

“ಥೂ ನಿಮ್ಮ,” ಎಂದವರು ಒಳಗೆ ಹೋಗಿ ಕೋಟು, ಹ್ಯಾಟು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಬೇಲಿಯಾಚೆ ನೆರೆಹೊರೆಯವರು ಸೇರುತ್ತಾರೆ. ಅವರೆಲ್ಲರ ಎದುರೇ ಮುದುಕ ಹಗ್ಗಕ್ಕೆ ಕೈಚಾಚುತ್ತಾರೆ.

ಎರಡು ದಿನದ ಬಳಿಕ ಕೋಚ್ ಫೋನ್ ಮಾಡುತ್ತಾರೆ. ಜಾಗ ಚೆರೋಪ್‌ಳದೇ.

ಇಷ್ಟೆಲ್ಲ ಮಾಡಿದ್ದಕ್ಕೆ ನಿಮಗೇನು ಬೇಕು ಎಂದು ಅವರು ಕೇಳಿದರೆ ಸೆಲೀನಾ ಲೋಟ ತೊಳೆಯುವುದನ್ನು ನಿಲ್ಲಿಸುವುದಿಲ್ಲ.

“ರಜಕ್ಕೆ ಬಂದಾಗ ಅವಳು ಮೊದಲು ತಾಲಮಜ್ಜನ ಮನೇಲಿ ಊಟ ಮಾಡ್ಲಿ. ಜಗಳ ಇಲ್ಲ ಅಂತ ಇಡೀ ಊರು ನೋಡೋ ಹಾಗೆ. ನನ್ನ ಅಂಗಡಿಗೆ ಆಮೇಲೆ ಬಂದ್ರೂ ನಡೆಯುತ್ತೆ.”