ಕೂಲಂಟ್‌ಗೆ ಬೆರೆಸಿದ ಅರಿಶಿನ

ಇಂಜಿನ್ ಮಿತಿಮೀರಿ ಕಾಯುವುದಕ್ಕೆ ಹನ್ನೊಂದು ಕಾರಣಗಳಿವೆ ಎಂದು ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದವನು ನಾನು. ಹನ್ನೊಂದನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯುತ್ತಿದ್ದೆ. ಹುಡುಗರು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ನನ್ನ ಕಾರು ಕಾದದ್ದು ಆ ಹನ್ನೊಂದರಲ್ಲಿ ಯಾವುದರಿಂದಲೂ ಅಲ್ಲ, ನನ್ನಿಂದ. ಇದನ್ನು ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಬೇರೆ ಏನಾದರೂ ಕೆಲಸ ಹುಡುಕಿಕೊಂಡಿದ್ದೇನೆ.

ನಿವೃತ್ತಿಯಾದ ವರ್ಷ ಟರ್ಬೊ ಇರುವ ಸಣ್ಣ ಪೆಟ್ರೋಲ್ ಕಾರು ಕೊಂಡೆ. ಬೆಳಗಾವಿಯ ಹಿಂಡಲಗಾದ ನಮ್ಮ ಓಣಿಯಲ್ಲಿ ಕೈಗೆ ಸಿಕ್ಕವರಿಗೆಲ್ಲ ಅದರ ಮೇಲೆ ಭಾಷಣ ಮಾಡಿದೆ. ಹೊರಗೆ ಹೋಗುವ ಹೊಗೆಯ ರಭಸಕ್ಕೇ ಒಳಗೊಂದು ಚಕ್ರ ತಿರುಗಿ ಇಂಜಿನ್‌ಗೆ ಹೆಚ್ಚಿನ ಗಾಳಿ ತುಂಬುತ್ತದೆ, ಆ ಟರ್ಬೊ ಕೆಂಡದ ಹಾಗೆ ಕಾಯುತ್ತದೆ, ಅದನ್ನು ತಣಿಸಲು ಕೂಲಂಟ್ ಅದರೊಳಗೂ ಹರಿಯಬೇಕು, ಇತ್ಯಾದಿ. ಹಾಲಿನವನು ಪಾಪ ನಿಂತು ಪೂರ್ತಿ ಕೇಳಿಸಿಕೊಂಡ. ಹೆಂಡತಿ ಮಾತ್ರ, "ಪಾಠ ಸಾಕ್ರಿ, ಗಾಡಿ ತಗೀರಿ, ಪ್ಯಾಟಿಗೆ ಹೋಗೂಣು" ಎಂದಳು.

ನಾಲ್ಕನೆಯ ವರ್ಷ ಕೂಲಂಟ್ ಕಡಿಮೆಯಾಗತೊಡಗಿತು. ಬಾನೆಟ್ಟಿನ ಕೆಳಗೆ ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಮೇಲೊಂದು ಕೆಳಗೊಂದು ಗೆರೆ. ಆ ಗುಲಾಬಿ ಬಣ್ಣದ ನೀರು ವಾರಕ್ಕೊಮ್ಮೆ ಕೆಳಗಿನ ಗೆರೆ ಮುಟ್ಟುತ್ತಿತ್ತು. ಗಾಡಿಯ ಕೆಳಗೆ ರಟ್ಟು ಹಾಸಿ ನೋಡಿದೆ. ಬೆಳಿಗ್ಗೆ ಒಂದು ಹನಿಯ ಗುರುತೂ ಇರಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ನನಗೆ ತಿಳಿಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನೆಟ್ಟಗೆ ಗ್ಯಾರೇಜಿಗೆ ಹೋಗುತ್ತಿದ್ದರು. ಆದರೆ ಬೆಳಗಾವಿಯಲ್ಲಿ ಯಾವ ಗ್ಯಾರೇಜಿಗೆ ಹೋದರೂ ನನ್ನ ಶಿಷ್ಯನೊಬ್ಬ ಕೈಯ ಸ್ಪ್ಯಾನರ್ ಕೆಳಗಿಟ್ಟು ನಮಸ್ಕಾರ ಮಾಡುತ್ತಾನೆ. ಅವನೆದುರು ನಿಂತು, ಇದು ಏನಾಗಿದೆ ನೋಡಪ್ಪ, ನನಗೆ ಗೊತ್ತಾಗುತ್ತಿಲ್ಲ ಎನ್ನುವುದು ಹೇಗೆ? ಮನೆಯ ನಲ್ಲಿ ನೀರನ್ನೇ ಸುರಿದು ಸುರಿದು ಎರಡು ತಿಂಗಳು ದೂಡಿದೆ. ಕೊನೆಗೊಂದು ದಿನ ಹೆಂಡತಿ ಬಳಗದ ಹೆಂಗಸರ ಜೊತೆ ವಚನ ಹಾಡಲು ಹೋಗಿದ್ದಾಗ ಅಡುಗೆಮನೆಗೆ ಹೊಕ್ಕು ಅರಿಶಿನದ ಡಬ್ಬಿ ತಂದೆ.

ಇದು ಹಳೆಯ ಲಾರಿ ಡ್ರೈವರುಗಳ ಉಪಾಯ. ದಾರಿಯಲ್ಲಿ ರೇಡಿಯೇಟರಿಗೆ ಸಣ್ಣ ತೂತು ಬಿದ್ದರೆ ಅರಿಶಿನ ಪುಡಿ ಸುರಿಯುತ್ತಿದ್ದರು. ಪುಡಿ ನೆನೆದು ಉಬ್ಬಿ ತೂತನ್ನು ಮುಚ್ಚುತ್ತಿತ್ತು. ಆಗಿನ ನಳಿಗೆಗಳು ಅಗಲವಾಗಿದ್ದವು, ನಡೆಯುತ್ತಿತ್ತು. ಈಗಿನ ಗಾಡಿಗಳ ದಾರಿಗಳು ಸಪೂರ, ಅಲ್ಲೆಲ್ಲ ಕಟ್ಟಿಕೊಳ್ಳುತ್ತದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಇದನ್ನು ಹೇಳಿ, "ಇದು ಅಡಿಗಿಮನಿ ಇಂಜಿನಿಯರಿಂಗು, ನೀವು ಯಾರೂ ಮಾಡಬ್ಯಾಡ್ರಿ" ಎಂದು ನಗಿಸುತ್ತಿದ್ದೆ. ಆ ದಿನ ನಾಲ್ಕು ಚಮಚ ಹಾಕಿದೆ. ಹತ್ತು ದಿನ ನೀರು ಗೆರೆಯಿಂದ ಇಳಿಯಲಿಲ್ಲ, ನಾನು ಬೀಗಿದೆ. ಹನ್ನೊಂದನೆಯ ದಿನ ಮತ್ತೆ ಇಳಿಯಿತು.

ಆಗ ಗತಿಯಿಲ್ಲದೆ ಪೀರನವಾಡಿಗೆ ಹೋದೆ. ಅಲ್ಲಿ ಗ್ಯಾರೇಜು ಹಾಕಿದವನು ನನ್ನ ಕೊನೆಯ ವರ್ಷಗಳ ವಿದ್ಯಾರ್ಥಿ. ಶೋರೂಮಿನ ನೌಕರಿ ಬಿಟ್ಟು ಸ್ವಂತದ್ದು ಶುರು ಮಾಡಿ ಒಂದೇ ವರ್ಷವಾಗಿತ್ತು. ಅವನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಪಾಲಿಟೆಕ್ನಿಕ್‌ನ ಮಾಸ್ತರರು, ಕಳಿಸಿಕೊಟ್ಟವನು ನಾನೇ. ನನ್ನ ಮಾತಿನ ಮೇಲೆ ಅವನ ಹೊಟ್ಟೆಪಾಡು ನಡೆಯುತ್ತಿತ್ತು ಎಂದರೂ ತಪ್ಪಲ್ಲ.

ಅವನು ಅವಸರ ಮಾಡಲಿಲ್ಲ. ಇಂಜಿನ್ ಆರುವವರೆಗೆ ಕಾದು, ಡಬ್ಬಿಯ ಮುಚ್ಚಳ ತೆಗೆದು, ಆ ಬಾಯಿಗೆ ಒತ್ತಡ ತೋರಿಸುವ ಮುಳ್ಳಿರುವ ಕೈಪಂಪು ಕೂಡಿಸಿ ಗಾಳಿಯ ಒತ್ತಡ ಕೊಟ್ಟ. ಮುಳ್ಳು ಮೆಲ್ಲಗೆ ಇಳಿಯತೊಡಗಿತು, ಎಲ್ಲೋ ಸೋರುತ್ತಿದೆ ಎಂದರ್ಥ. ಟಾರ್ಚು ಮತ್ತು ಹಿಡಿಯಿರುವ ಸಣ್ಣ ಕನ್ನಡಿ ಹಿಡಿದು ಟರ್ಬೊದ ಹಿಂಬದಿ ತೋರಿಸಿದ. ಅಲ್ಲಿ ತೆಳ್ಳಗಿನ ಪೈಪಿನ ಕೀಲಿನ ಸುತ್ತ ಗುಲಾಬಿ ಛಾಯೆಯ ಬಿಳಿ ಉಪ್ಪು ಕಟ್ಟಿತ್ತು.

"ಸರ್, ಇಲ್ಲಿ ಸೋರತೈತ್ರಿ. ಗಾಡಿ ಓಡೂ ಮುಂದ ಅಷ್ಟ ಸೋರತೈತಿ. ಟರ್ಬೊ ಕಾದಿರತೈತಲ್ರಿ, ಮ್ಯಾಲ ಬಿದ್ದಕೂಡ್ಲೆ ಉಗಿ ಆಗಿ ಹೋಗತೈತಿ. ನೆಲಕ್ಕ ಬೀಳೂದ ಇಲ್ಲ."

ನನಗೆ ಮೊದಲೇ ಗೊತ್ತಿತ್ತೆಂಬಂತೆ ತಲೆಯಾಡಿಸಿದೆ. ಅವನು ಡಬ್ಬಿಯಲ್ಲಿ ಬೆರಳದ್ದಿ ತಿಕ್ಕಿ ನೋಡಿದ. ಹತ್ತಿರ ಬಂದು, ಬೆಂಚಿನ ಮೇಲೆ ಕೂತಿದ್ದ ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳಿಗೆ ಕೇಳದ ಹಾಗೆ ದನಿ ತಗ್ಗಿಸಿ, "ಸರ್, ಇದರಾಗ ಏನರ ಹಾಕೀರೇನ್ರಿ?" ಎಂದ.

"ನೀರು ಬಿಟ್ಟು ಮತ್ತೇನ ಹಾಕಲಿ?" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಹಂಗಾದ್ರ ಎರಡ ದಿನ ಗಾಡಿ ಬಿಡ್ರಿ ಸರ್. ಒಳಗ ಗಸಿ ಕುಂತೈತಿ. ರೇಡಿಯೇಟರ್ ಬಿಚ್ಚಿ ಪೂರಾ ತೊಳೀಬೇಕು."

"ಇಲ್ಲದ ಕೆಲಸ ಹುಡುಕೂದನ್ನ ಶೋರೂಮಿನಾಗ ಕಲಿಸಿದ್ರೇನು?" ಎಂದೆ, ಬೆಂಚಿಗೆ ಕೇಳುವ ಹಾಗೆ. ಬೆಂಚು ನಕ್ಕಿತು. ಅವನು ಹುಳ್ಳಗೆ ನಕ್ಕು, ಪೈಪು ಬದಲಿಸಿ, ಹೊಸ ಕೂಲಂಟ್ ತುಂಬಿ, "ತೊಳಿಸೂತನಕ ದೂರ ಹೋಗಬ್ಯಾಡ್ರಿ ಸರ್" ಎಂದಷ್ಟೇ ಹೇಳಿದ.

ಐದನೆಯ ದಿನ ಹೆಂಡತಿಯನ್ನು ಕೂರಿಸಿಕೊಂಡು ಖಾನಾಪುರಕ್ಕೆ ಹೊರಟೆ. ಅದು ಅವಳ ತವರೂರು, ಅವಳ ಕಾಕಾನ ಮಗಳ ಮನೆಯ ವಾಸ್ತುಶಾಂತಿ ಇತ್ತು. ಊರು ಇನ್ನೂ ಎಂಟು-ಹತ್ತು ಕಿಲೋಮೀಟರ್ ಇರುವಾಗ ಕೆಂಪು ದೀಪ ಹತ್ತಿತು. ಬದಿಗೆ ನಿಲ್ಲಿಸಿದೆ. ಬಾನೆಟ್ಟಿನ ಸಂದಿಯಿಂದ ಉಗಿ ಬರುತ್ತಿತ್ತು. ಬಿಸಿ ಮುಚ್ಚಳ ತೆಗೆಯಬಾರದೆಂಬ ಬುದ್ಧಿ ಇತ್ತು, ಬಾಯಿ ತೆಗೆಯಬಾರದೆಂಬ ಬುದ್ಧಿ ಇರಲಿಲ್ಲ. ಪೀರನವಾಡಿಯ ಶಿಷ್ಯನಿಗೆ ಫೋನ್ ಹಚ್ಚಿದೆ.

"ಕೈ ಎಣ್ಣಿ ಆಗ್ಯಾವ್ರಿ ಸರ್, ಸ್ಪೀಕರ್ ಮ್ಯಾಲ ಹಾಕೀನಿ, ಹೇಳ್ರಿ" ಎಂದ.

ಅಂದರೆ ಅಲ್ಲಿದ್ದವರಿಗೆಲ್ಲ ಕೇಳುತ್ತದೆ. ಅದು ಗೊತ್ತಾದ ಮೇಲೆ ನನ್ನ ದನಿ ಏರಿತೇ ಹೊರತು ತಗ್ಗಲಿಲ್ಲ. ಒಂದು ಪೈಪು ಕೂಡಿಸಲು ಬರದವನು ಗ್ಯಾರೇಜು ಯಾಕೆ ತೆರೆದೆ ಎಂದೆ. ನಿನ್ನನ್ನು ಪಾಸು ಮಾಡಿದ್ದೇ ನನ್ನ ತಪ್ಪು ಎಂದೂ ಅಂದೆ. ಅವನು "ಸರ್, ಸರ್" ಎನ್ನುತ್ತಿದ್ದಾಗಲೇ ಫೋನ್ ಇಟ್ಟೆ. ಅಷ್ಟಕ್ಕೆ ಸುಮ್ಮನಾಗದೆ ನಮ್ಮ ಮಾಸ್ತರರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ಪೀರನವಾಡಿ ಗ್ಯಾರೇಜಿಗೆ ಯಾರೂ ಗಾಡಿ ಕೊಡಬೇಡಿ, ಕೆಲಸ ಬರುವುದಿಲ್ಲ, ದಾರಿಯಲ್ಲಿ ನಿಂತಿದ್ದೇವೆ. ಗಾಡಿ ಆರುವ ಮೊದಲೇ, ಬಾನೆಟ್ ಎತ್ತುವ ಮೊದಲೇ ಬರೆದೆ. ನೋಡದೆ ದೋಷ ಹೇಳಬೇಡಿ ಎಂದು ಸಾವಿರ ಹುಡುಗರಿಗೆ ಬೈದವನು ನಾನು.

ಒಂದು ಟೆಂಪೊ ಹಗ್ಗ ಕಟ್ಟಿ ನಮ್ಮನ್ನು ಖಾನಾಪುರದವರೆಗೆ ಎಳೆದುಕೊಂಡು ಹೋಯಿತು. ಅಲ್ಲಿನ ಗ್ಯಾರೇಜಿನ ಮಿಸ್ತ್ರಿ ವಯಸ್ಸಾದವರು, ಮರಾಠಿ ಮಾತಿನವರು, ನನ್ನ ಗುರುತು ಅವರಿಗಿರಲಿಲ್ಲ. ಮೊದಲು ಟರ್ಬೊ ಹಿಂದಿನ ಪೈಪನ್ನೇ ನೋಡಿದರು. "ಇದು ಕೂಡಿಸಿದಾಂವ ಹುಷಾರ ಅದಾನ. ಒಂದ ಥೆಂಬ ಸೋರಿಲ್ಲ" ಎಂದರು. ಆಮೇಲೆ ಕೂಲಂಟ್ ಬಸಿದು, ಅದನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟನ್ನು ಬಿಚ್ಚಿದರು. ಕವಾಟದ ತುಂಬ ಕಡಲೆಹಿಟ್ಟಿನ ಗಟ್ಟಿ ಪಿಟ್ಲದಂಥ ಕಂದು ಗಸಿ ಮೆತ್ತಿತ್ತು, ಅಂಚಿನಲ್ಲಿ ಮಾತ್ರ ಹಳದಿ. ಅದು ತೆರೆದುಕೊಳ್ಳಲಾಗದೆ ಕೂಲಂಟ್ ಇಂಜಿನ್‌ನಲ್ಲೇ ಸುತ್ತಿ ಕುದಿದಿತ್ತು.

ಮಿಸ್ತ್ರಿ ಬೆರಳಲ್ಲಿ ತಿಕ್ಕಿ ಮೂಸಿದರು. ನನ್ನ ಕಡೆ ನೋಡದೆ ಹೆಂಡತಿಗೆ, "ವಹಿನಿ, ಹೀ ತರ್ ಹಳದ್ ಆಹೆ" ಎಂದರು. ಅತ್ತಿಗೆಮ್ಮಾ, ಇದು ಅರಿಶಿನ.

ಅವಳು ಜರತಾರಿ ಸೀರೆಯಲ್ಲಿ ಎಣ್ಣೆಯ ನೆಲದ ಮೇಲೆ ನಿಂತಿದ್ದಳು. ಗಸಿ ನೋಡಿದಳು, ನನ್ನನ್ನು ನೋಡಿದಳು. "ನೀವ ಹಾಕೀರಿ" ಎಂದಳು. ಪ್ರಶ್ನೆಯಾಗಿರಲಿಲ್ಲ ಅದು. ನಾನು ಹೌದೆಂದೆ.

"ಆ ಹುಡುಗನ ಮ್ಯಾಲ ಅಷ್ಟ ಒದರಿದ್ರಲ್ಲ. ಮೊದಲ ಅವಂಗ ಫೋನ್ ಹಚ್ರಿ."

ಮನೆಗೆ ಹೋಗಿ ಹಚ್ಚುತ್ತೇನೆ ಎಂದೆ. ಮನೆಗೆ ಹೋಗಿ ನಾಳೆ ಎಂದೆ. ಪೀರನವಾಡಿಯ ಮೇಲೆ ಹಾಯಬೇಕಾದಾಗಲೆಲ್ಲ ಸುತ್ತು ಬಳಸಿ ಹೋದೆ. ಇಬ್ಬರು ಮಾಸ್ತರರು ಅವನಿಗೆ ಕೊಟ್ಟಿದ್ದ ಗಾಡಿಗಳನ್ನು ಕೆಲಸ ಅರ್ಧವಿರುವಾಗಲೇ ವಾಪಸು ತಂದರೆಂದು ಕಿವಿಗೆ ಬಿತ್ತು. ಆಗಲೂ ನಾನು ಎದ್ದು ಹೋಗಲಿಲ್ಲ. ಬೈಗುಳವನ್ನು ಬರೆಯಲು ಎರಡು ನಿಮಿಷ ಸಾಕಾಗಿತ್ತು, ಅದನ್ನು ತಿದ್ದಲು ನಾಲ್ಕು ದಿನ ತೆಗೆದುಕೊಂಡೆ.

ನಾಲ್ಕನೆಯ ದಿನ ಗ್ರೂಪಿನಲ್ಲಿ ಬರೆದೆ. ಮೊದಲು ಅರಿಶಿನದ ಸಂಗತಿಯನ್ನೇ ಬರೆದಿದ್ದೆ. ಓದಿ ನೋಡಿದೆ. ನಲವತ್ತು ಮಂದಿ ಮಾಸ್ತರರು ಚಹಾ ಕುಡಿಯುತ್ತ ಇದನ್ನು ಒಬ್ಬರಿಗೊಬ್ಬರು ಹೇಳಿ ನಗುವುದು ಕಣ್ಣಿಗೆ ಕಟ್ಟಿತು. ಅದನ್ನು ಒರೆಸಿ, ಪೀರನವಾಡಿ ಗ್ಯಾರೇಜಿನ ವಿಷಯದಲ್ಲಿ ಸ್ವಲ್ಪ ತಪ್ಪು ತಿಳಿವಳಿಕೆ ಆಗಿತ್ತು, ಈಗ ಎಲ್ಲ ಬಗೆಹರಿದಿದೆ, ಮೊದಲಿನಂತೆ ಅಲ್ಲಿಗೇ ಹೋಗಿರಿ ಎಂದು ಬರೆದೆ. ತಪ್ಪು ಯಾರದೆಂದು ಬರೆಯಲಿಲ್ಲ. ಐದು ನಿಮಿಷದಲ್ಲಿ ಉತ್ತರಗಳು ಬಂದವು. ಸರ್ ಅವರದು ದೊಡ್ಡ ಮನಸ್ಸು, ಶಿಷ್ಯನನ್ನು ಕ್ಷಮಿಸಿದರು ಎಂದು ಒಬ್ಬರು. ಗುರು ಅಂದರೆ ಹೀಗಿರಬೇಕು ಎಂದು ಇನ್ನೊಬ್ಬರು. ಎಲ್ಲರಿಗೂ ಸೇರಿಸಿ ಕೈಮುಗಿದ ಚಿತ್ರ ಕಳಿಸಿದೆ. ಹೆಂಡತಿಗೆ ಅದನ್ನು ತೋರಿಸಲಿಲ್ಲ.

ಮರುದಿನ ಊಟದ ಹೊತ್ತಿಗೆ ಅವನದೇ ಫೋನ್ ಬಂತು. ಬೈಯುತ್ತಾನೆ ಎಂದುಕೊಂಡೆ. ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು.

"ಸರ್, ಊಟ ಆತೇನ್ರಿ? ನೀವು ಗ್ರೂಪಿನಾಗ ಬರದದ್ದು ಒಬ್ಬ ಸರ್ ತೋರಿಸಿದ್ರು. ಭಾಳ ಉಪಕಾರ ಆತ್ರಿ. ಈ ವಾರ ಒಂದೂ ಗಾಡಿ ಬಂದಿದ್ದಿಲ್ಲ. ಇವತ್ತ ಎರಡು ಬಂದಾವು."

ಅವನೇ ಮುಂದುವರಿಸಿದ.

"ಅವತ್ತ ಡಬ್ಬಿ ನೋಡಿದಾಗ್ನ ನಂಗ ತಿಳದಿತ್ರಿ. ಬೆಂಚಿನ ಮ್ಯಾಲ ಮಂದಿ ಇದ್ರಲ್ರಿ, ಅವರ ಮುಂದ ನಿಮಗ ಹೆಂಗ ಹೇಳೂದಂತ ಸುಮ್ನಾದೆ. ಗಟ್ಟಿ ಮನಸ್ಸು ಮಾಡಿ ಗಾಡಿ ನಿಂದ್ರಿಸಿಕೊಂಡಿದ್ರ ನಿಮಗ ದಾರ್ಯಾಗ ತ್ರಾಸ ಆಗತಿದ್ದಿಲ್ಲ. ನಂದ ತಪ್ಪಾತ್ರಿ ಸರ್, ಮನಸಿನ್ಯಾಗ ಇಟಗೋಬ್ಯಾಡ್ರಿ."

ಹೇಳಬೇಕಾದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ. ಕ್ಲಾಸಿಗೆ ತಡವಾಗಿ ಬಂದ ಹುಡುಗರನ್ನು ಒಳಗೆ ಬಿಟ್ಟುಕೊಳ್ಳುವಾಗ ಮೂವತ್ತು ವರ್ಷ ಮಾತಾಡುತ್ತಿದ್ದ ದನಿಯಲ್ಲಿಯೇ, "ಇರ್ಲಿ ಬಿಡಪ್ಪ, ಮುಂದ ಹುಷಾರಿಂದ ಇರು" ಎಂದೆ.