ಹದಿನಾಲ್ಕು ನಿಮಿಷ ಹಿಂದೆಯೇ ಇದ್ದವನು

ಕ್ಲೇ ರಡಕ್‌ನನ್ನು ವರ್ನಾ ಮೊದಲು ಕಂಡಿದ್ದು ಏಪ್ರಿಲ್‌ನ ಒಂದು ಬೆಳಿಗ್ಗೆ. ಹಿಮ ಕರಗಿ ರಸ್ತೆ ಪಕ್ಕದ ಚರಂಡಿಯೆಲ್ಲ ಕೆಸರಾಗಿತ್ತು. ಅದರಲ್ಲಿ ಅವಳ ಕರು ಹೂತುಕೊಂಡಿತ್ತು. ಅಮೆರಿಕದ ಗಡಿ ಪೊಲೀಸರ ಬಿಳಿ ಜೀಪು ನಿಂತಿತು. ಹಸಿರು ಸಮವಸ್ತ್ರದ ಹುಡುಗ ಕ್ಲೇ ಮೊಣಕಾಲುದ್ದ ಕೆಸರಿಗಿಳಿದು, ಕರುವಿನ ಎದೆಗೆ ಹಗ್ಗ ಸುತ್ತಿ ಎಳೆದ.

"ಕೆನಡಾದಿಂದ ನುಸುಳಿ ಬಂದಿದೆ ಅಂತ ಹಿಡ್ಕೊಂಡು ಹೋಗ್ಬೇಡಪ್ಪ," ಎಂದಳು ವರ್ನಾ.

"ಕಾಗದ ಪತ್ರ ಸರಿಯಾಗಿದ್ರೆ ಬಿಡ್ತೀನಮ್ಮ."

ಅಂದಿನಿಂದ ಅವಳ ಗಂಡ ಹಾರ್ಲನ್ ಅವನನ್ನು ಕಾಫಿಗೆ ಕೂಗುತ್ತಿದ್ದ.

ಮರುವರ್ಷ ಕ್ಲೇ, ಕುಡಿದು ಓಲಾಡುತ್ತ ಟ್ರಕ್ ಓಡಿಸುತ್ತಿದ್ದ ನೆರೆಯ ಓರಿನ್ ಟುಫ್ಟೆಯನ್ನು ತಡೆದು, ಕೀಲಿ ಕಿತ್ತುಕೊಂಡು, ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಡೆಪ್ಯುಟಿ ಬರುವವರೆಗೆ ಕೂರಿಸಿಕೊಂಡ. ನ್ಯಾಯಾಧೀಶರು ಒಪ್ಪಲಿಲ್ಲ. ಕ್ಲೇ ಕೇಂದ್ರ ಸರ್ಕಾರದ ನೌಕರ, ಗಡಿ ಕಾಯುವುದಷ್ಟೇ ಅವನ ಕೆಲಸ. ಕುಡಿದು ಓಡಿಸುವುದು ರಾಜ್ಯದ ಕಾನೂನಿಗೆ ಸೇರಿದ್ದು, ಅದರಡಿ ಹಿಡಿದಿಡುವ ಅಧಿಕಾರ ಅವನಿಗಿಲ್ಲ ಎಂದರು. ಮೊಕದ್ದಮೆ ಬಿದ್ದುಹೋಯಿತು. ಮೇಲಧಿಕಾರಿ ಕ್ಲೇಗೆ ಬರೆದ: ನೋಡು, ತಿಳಿಸು, ಮುಟ್ಟಬೇಡ.

ಕಾಫಿ ಅಂಗಡಿಯಲ್ಲಿ ಓರಿನ್ ಎಲ್ಲರೆದುರು ಕೀಲಿ ಕುಣಿಸಿದ. "ಏಯ್ ಹಸಿರಂಗಿ, ಈಗ ಕಿತ್ಕೋ ನೋಡಾಣ!"

ಜೂನ್‌ನಲ್ಲಿ ಕರುಗಳಿಗೆ ಕಾಯಿಸಿದ ಕಬ್ಬಿಣದಿಂದ ಮುದ್ರೆ ಒತ್ತುವ ಕೆಲಸಕ್ಕೆ ನೆರೆಹೊರೆಯವರೆಲ್ಲ ಸೇರುವುದು ಅಲ್ಲಿನ ವಾಡಿಕೆ. ಕೂಲಿಯಿಲ್ಲ, ಬಿಯರು ಮಾತ್ರ. ಆಮೇಲೆ ಎಲ್ಲರೂ ತಾವೇ ಟ್ರಕ್ ಓಡಿಸಿಕೊಂಡು ಮನೆಗೆ ಹೋಗುತ್ತಾರೆ. ಯಾರೂ ಯಾರನ್ನೂ ತಡೆಯುವುದಿಲ್ಲ. ಆ ವರ್ಷವೂ ಕುಡಿದು ಹೊರಟ ಓರಿನ್‌ನನ್ನು ಯಾರೂ ತಡೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಓರಿನ್‌ನ ಟ್ರಕ್ ರಸ್ತೆಯ ಆ ಬದಿಗೂ ಈ ಬದಿಗೂ ಹಾಯುವುದನ್ನು ಕ್ಲೇ ಕಂಡ. ವೈರ್‌ಲೆಸ್‌ನಲ್ಲಿ ತಿಳಿಸಿದ. ಡೆಪ್ಯುಟಿ ನಲವತ್ತು ಮೈಲಿ ದೂರದಲ್ಲಿದ್ದ. ಕ್ಲೇ ದೀಪ ಮಿನುಗಿಸುತ್ತ, ನಿಮಿಷ ನಿಮಿಷಕ್ಕೂ ವರದಿ ಮಾಡುತ್ತ ಹಿಂಬಾಲಿಸಿದ. ಹದಿನಾಲ್ಕನೇ ನಿಮಿಷದಲ್ಲಿ ಟ್ರಕ್ ರಸ್ತೆ ಬಿಟ್ಟಿಳಿಯಿತು. ಪಕ್ಕದಲ್ಲಿ ಬೇಲಿಯ ತಂತಿ ಬಿಗಿಯುತ್ತಿದ್ದ ಹಾರ್ಲನ್‌ಗೆ, ಅದು ಬಂದು ಬಡಿಯುವ ಮುನ್ನ, ತಿರುಗಿ ನೋಡಲೂ ಆಗಲಿಲ್ಲ.

ವರ್ನಾ ಓಡಿ ಬಂದಾಗ ಕ್ಲೇ ಹಾರ್ಲನ್‌ನ ಎದೆ ಒತ್ತುತ್ತಲೇ ಇದ್ದ. ಅವಳೇ ಕ್ಲೇಯ ಕೈ ಹಿಡಿದು ನಿಲ್ಲಿಸಿದಳು.

"ಹಿಂದೇನೇ ಇದ್ಯಲ್ಲೋ. ಯಾಕೋ ತಡೀಲಿಲ್ಲ?"

"ನಂಗೆ ಅಧಿಕಾರ ಇರ್ಲಿಲ್ಲಮ್ಮ."

"ಹೋದ್ಸಲ ಇತ್ತಾ?"

ಕ್ಲೇ ತನ್ನ ಹಸಿರಂಗಿ ಬಿಚ್ಚಿ ಹಾರ್ಲನ್‌ನ ಮುಖಕ್ಕೆ ಹೊದಿಸಿದ.

ಕ್ಲೇಯ ವರದಿಯ ಬಲದಿಂದಲೇ, ಹಾರ್ಲನ್‌ನ ಸಾವಿಗಾಗಿ ಓರಿನ್‌ಗೆ ಹನ್ನೆರಡು ವರ್ಷ ಜೈಲಾಯಿತು. ಸಾಕ್ಷಿಕಟ್ಟೆಯಿಂದ ಅವನು ಆ ಒಂದೊಂದು ನಿಮಿಷವನ್ನೂ ಓದುವಾಗ ವರ್ನಾ ಎದ್ದು ಹೊರಗೆ ಹೋದಳು. ಕಾನೂನು ಅವಳಿಗೆ ಅರ್ಥವಾಗಿತ್ತು. ಆದರೂ ಮತ್ತೆಂದೂ ಅವನನ್ನು ಮನೆಗೆ ಕರೆಯಲಿಲ್ಲ.

ಕ್ಲೇ ಗಡಿ ಕೆಲಸ ಬಿಟ್ಟ. ಈಗ ಅದೇ ಕೌಂಟಿಯಲ್ಲಿ, ಕಡಿಮೆ ಸಂಬಳಕ್ಕೆ ಡೆಪ್ಯುಟಿಯಾಗಿದ್ದಾನೆ. ಎಂಬತ್ತು ಮೈಲಿ ರಸ್ತೆಯನ್ನು ಅವನೊಬ್ಬನೇ ನೋಡಿಕೊಳ್ಳುತ್ತಾನೆ.